ಕಂಡಕ್ಟರ್ ಮನೆಯ ಮುಯ್ಯಾಳು

ಸೂಲಿಬೆಲೆಗೆ ಒಂದೆರಡು ಮೈಲಿ ದೂರದ ಆ ಊರಿನಲ್ಲಿ ಹಾಲಿನ ಡೇರಿ ಹತ್ತಿರ ನಿಂತು ಯಾರನ್ನು ಕೇಳಿದರೂ ಕಂಡಕ್ಟರ್ ಮನೆ ತೋರಿಸುತ್ತಾರೆ. ಆದಿನಾರಾಯಣಪ್ಪ ಹೊಸಕೋಟೆಯಿಂದ ಅಲ್ಲೇ ಹತ್ತಿರದ ವಿಜಯಪುರಕ್ಕೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಇಪ್ಪತ್ತು ವರ್ಷ ಕಂಡಕ್ಟರ್ ಆಗಿದ್ದವನು. ಎಂಥ ಗಂಟಲು ಅಂತೀರಿ! ಬಸ್ಸು ಇನ್ನೂ ಕೆರೆ ಏರಿಯ ಮೇಲಿರುವಾಗಲೇ "ಇಳಿಯೋರೆಲ್ಲ ಮುಂದಕ್ ಬನ್ನಿ, ಮುಂದಕ್ ಬನ್ನಿ" ಅನ್ನುವ ಕೂಗು ಊರೊಳಕ್ಕೆ ಬಂದುಬಿಡುತ್ತಿತ್ತು. ಅದನ್ನು ಕೇಳಿ ಹೆಂಗಸರು ಒಲೆಗೆ ಎಸರಿಡುತ್ತಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಖಾಕಿ, ಕಿವಿಯ ಸಂದಿಯಲ್ಲಿ ಪೆನ್ನು, ಹತ್ತುವವರಿಗೆಲ್ಲ ಒಂದೊಂದು ಚೇಷ್ಟೆಯ ಮಾತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಗಾದೆ ಇವನನ್ನು ನೋಡಿಯೇ ಹುಟ್ಟಿರಬೇಕು.

ಹಾಳಾದ ಲಕ್ವ ಬಂದು ಆ ಬಾಯಿಗೇ ಹೊಡೆಯಿತು. ಎರಡು ವರ್ಷದ ಹಿಂದೆ ಬಸ್ಸಿನ ಮೆಟ್ಟಿಲ ಮೇಲೆಯೇ ಕುಸಿದವನು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಬಲಗೈ ಇಲ್ಲ, ಬಲಗಾಲಿಲ್ಲ, ಮಾತಿಲ್ಲ. ಉಳಿದದ್ದು ಎರಡೇ ಎರಡು ಪದ. ಬಸ್ಸು ಹೊರಡಲಿ ಅನ್ನುವುದಕ್ಕೆ ಹೇಳುತ್ತಿದ್ದ 'ರೈಟ್', ನಿಲ್ಲಲಿ ಅನ್ನುವುದಕ್ಕೆ ಹೇಳುತ್ತಿದ್ದ 'ಹೋಲ್ಡಾನ್'. ಬಾಯಿಗೆ ರೂಢಿಯಾದದ್ದು ಹೀಗೆ ಉಳಿದುಕೊಳ್ಳುವುದುಂಟು ಎಂದರು ಡಾಕ್ಟರು. ಅಷ್ಟು ವರ್ಷ ಹೆಂಡತಿಯ ಹೆಸರು ಹಿಡಿದು ಕೂಗಿದ್ದರೆ ಅದೂ ಉಳಿಯುತ್ತಿತ್ತೇನೋ. ಆ ಮಹಾರಾಯ ಮುನಿರತ್ನಮ್ಮನನ್ನು ಕರೆದದ್ದೆಲ್ಲ "ಲೇ" ಅಂತಲೇ.

ಊಟ ಹಿಡಿಸಿದರೆ ರೈಟ್. ಮಾತ್ರೆ ಬೇಡವಾದರೆ ಹೋಲ್ಡಾನ್. ಮುನಿರತ್ನಮ್ಮ ಹೊಸ್ತಿಲು ದಾಟಿದರಂತೂ ಮಂಚದ ಮೇಲಿಂದ "ಹೋಲ್ಡಾನ್!" ಅನ್ನುವ ಕೂಗು. ಆ ಕೂಗಿನಲ್ಲಿ ಹೆದರಿಕೆ ಇರುವುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಸೀಮೆಹಸುವಿನ ಹಾಲನ್ನು ಡೇರಿಗೆ ಸುರಿದು ಓಡಿಬರುತ್ತಿದ್ದಳು. ಅದಕ್ಕಿಂತ ಆಚೆ ಅವಳು ಹೋದದ್ದು ನೆನಪಿಲ್ಲ. ಮದುವೆಗಿಲ್ಲ, ತಿಥಿಗಿಲ್ಲ, ಪ್ರತಿ ಬುಧವಾರ ಅಂಗನವಾಡಿಯಲ್ಲಿ ಸೇರುವ ಹೆಂಗಸರ ಸಂಘಕ್ಕೂ ಇಲ್ಲ.

ಮೊದಲ ತಿಂಗಳು ನೆಂಟರು ಬ್ರೆಡ್ಡು, ಸೇಬು ಹಿಡಿದು ಬಂದಿದ್ದರು. "ಅಯ್ಯೋ, ಹೆಂಗಿದ್ದ ಮನುಷ್ಯ ಹೆಂಗಾಗ್ಬಿಟ್ಟ" ಎಂದು ಅವನ ಎದುರಿಗೇ ಅತ್ತರು. ಅಲ್ಲಪ್ಪಾ, ಲಕ್ವ ಹೊಡೆದದ್ದು ಬಾಯಿಗೆ, ಕಿವಿಗಲ್ಲವಲ್ಲ! ಅವರು ಎದ್ದು ಹೋದ ಮೇಲೆ ಅವನು ಸಂಜೆಯವರೆಗೂ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದ್ದ. ಅವತ್ತಿನಿಂದ ಮುನಿರತ್ನಮ್ಮ ಯಾರು ಬಂದರೂ "ಮಲಗವ್ರೆ" ಎಂದು ಜಗಲಿಯಿಂದಲೇ ಸಾಗಹಾಕಿದಳು. ಎಬ್ಬಿಸಿ ಕೂರಿಸುವುದು, ಬಚ್ಚಲಿಗೆ ನಡೆಸುವುದು, ಮುದ್ದೆಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಡುವುದು, ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸುವುದು, ಎಲ್ಲಾ ಅವಳೊಬ್ಬಳೇ. "ನನ್ ಗಂಡನ್ನ ನಾನ್ ನೋಡ್ಕೊಂತೀನಿ. ಯಾರ ಮುಂದೇನೂ ಕೈ ಚಾಚಲ್ಲ" ಅನ್ನುತ್ತಿದ್ದಳು. ಹಟ ಅಂದರೆ ಹಟ. ಸೊಂಟ ಮಾತ್ರ ಅವಳ ಹಟಕ್ಕೆ ಕಿವಿಗೊಡಲಿಲ್ಲ. ಕೂತರೆ ಏಳಲು ಗೋಡೆ ಹಿಡಿಯಬೇಕಾಯಿತು.

ಹೀಗಿರುವಾಗ ನೆಲಮಂಗಲದಿಂದ ಬೀಗಿತ್ತಿಯ ಫೋನು ಬಂತು. ಮಗಳು ಅಕ್ಷತಳನ್ನು ಅಲ್ಲಿಗೆ ಕೊಟ್ಟಿತ್ತು. ಅಳಿಯ ಹೆದ್ದಾರಿ ಪಕ್ಕದ ಗೋದಾಮಿನಲ್ಲಿ ಕೆಲಸಕ್ಕಿದ್ದ. ಅಕ್ಷತಳಿಗೆ ಏಳು ತುಂಬುತ್ತಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ಹೆತ್ತವಳೇ ಮಾಡಬೇಕು. ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

"ರತ್ನಮ್ಮಾರೇ, ನಿಮಗೇ ಬೇಕಾದಷ್ಟಿದೆ. ಬಾಣಂತನ ನಾವೇ ಇಲ್ಲೇ ಮಾಡ್ಕೊಂತೀವಿ. ನೀವೇನೂ ಮನಸ್ಸಿಗೆ ಹಚ್ಕೋಬೇಡಿ" ಎಂದಳು ಬೀಗಿತ್ತಿ. ಕೊಂಕು ಆಡಿದ್ದರೆ ಮುನಿರತ್ನಮ್ಮ ನಾಲ್ಕು ಮಾತು ತಿರುಗಿಸಿ ಆಡಿ ಹಗುರಾಗುತ್ತಿದ್ದಳು. ಪ್ರೀತಿಯಿಂದ ಆಡಿದ ಮಾತಾದ್ದರಿಂದ ಅದು ಎದೆಗೇ ನಾಟಿತು.

ಆಮೇಲೆ ಅಕ್ಷತ ಫೋನು ತೆಗೆದುಕೊಂಡು ಮೆಲ್ಲಗೆ, "ಅಮ್ಮ, ಅತ್ತೆ ಚೆನ್ನಾಗೇ ನೋಡ್ಕೊಂತಾರೆ. ಆದ್ರೂ ನಾನು ಅಲ್ಲಿಗೇ ಬರ್ತೀನಿ ಕಣಮ್ಮ. ಅಪ್ಪನ್ ಹತ್ರ ಇರ್ಬೇಕು ಅನ್ಸುತ್ತೆ" ಎಂದಳು.

"ಬಾ ಮಗಳೇ. ನಾನೇನ್ ಸತ್ತೋಗಿದೀನಾ?" ಎಂದುಬಿಟ್ಟಳು ಮುನಿರತ್ನಮ್ಮ.

ಅಂದದ್ದೇನೋ ಅಂದಳು. ಫೋನು ಇಟ್ಟ ಮೇಲೆ ಲೆಕ್ಕ ಹಾಕತೊಡಗಿದಳು. ಹೆರಿಗೆಗೆಂದು ಮಗಳ ಜೊತೆ ಆಸ್ಪತ್ರೆಯಲ್ಲಿ ಕೂತರೆ ಇವನ ಹತ್ತಿರ ಯಾರು? ಬಾಣಂತಿಗೆ ನೀರು ಹಾಕುವ ಹೊತ್ತಿಗೆ ಇವನು ಬಚ್ಚಲಿಗೆ ಹೋಗಬೇಕೆಂದರೆ? ದೇವರು ಕೊಟ್ಟದ್ದು ಎರಡೇ ಕೈ. ಬರಬೇಡ ಎಂದು ಮಗಳಿಗೆ ಹೇಳಿಬಿಡೋಣ ಎಂದು ದಿನಕ್ಕೊಂದು ಸಲ ಫೋನು ಹಿಡಿಯುತ್ತಿದ್ದಳು, ಹೇಳಲು ಬಾಯಿ ಬರದೆ ಕೆಳಗಿಡುತ್ತಿದ್ದಳು.

ಆಶಾ ಕಾರ್ಯಕರ್ತೆ ಶಿಲ್ಪ ಒಂದು ಬೆಳಿಗ್ಗೆ ಆದಿನಾರಾಯಣಪ್ಪನ ಬಿ.ಪಿ. ನೋಡಲು ಬಂದಳು. ಜಗಲಿಯಲ್ಲಿ ಯಾರೂ ಇಲ್ಲ. ಹಿಂದಕ್ಕೆ ಹೋಗಿ ನೋಡಿದರೆ ಮುನಿರತ್ನಮ್ಮ ಹಸುವಿನ ಪಕ್ಕೆಗೆ ಹಣೆ ಆನಿಸಿ, ಮಂಡಿಗಳ ನಡುವೆ ಅರ್ಧ ತುಂಬಿದ ಬಕೆಟ್ಟು ಇಟ್ಟುಕೊಂಡು, ಕೂತಲ್ಲೇ ನಿದ್ದೆ ಹೋಗಿದ್ದಳು. ಆ ಮೂಕಪ್ರಾಣಿ ಬಾಲವನ್ನೂ ಅಲ್ಲಾಡಿಸದೆ ನಿಂತಿತ್ತು.

"ರತ್ನಕ್ಕ, ಎದ್ದೇಳಿ" ಎಂದು ಭುಜ ಮುಟ್ಟಿದಳು ಶಿಲ್ಪ. "ಯಜಮಾನ್ರಿಗೆ ನೀವಿದೀರ. ನಿಮಗೆ ಯಾರಿದಾರೆ?"

"ನನಗೇನಾಗಿದೆ? ಗುಂಡುಕಲ್ಲು ಇದ್ದಂಗಿದೀನಿ" ಎನ್ನಲು ಹೋದ ಮುನಿರತ್ನಮ್ಮನಿಗೆ ಮಾತು ಮುಗಿಸಲು ಆಗಲಿಲ್ಲ. ಅಳು ಬಂದುಬಿಟ್ಟಿತು. ಎರಡು ವರ್ಷದಲ್ಲಿ 'ಅವರು ಹೇಗಿದಾರೆ' ಎಂದು ಊರೆಲ್ಲ ಕೇಳಿತ್ತು. 'ನೀನು ಹೇಗಿದೀಯ' ಎಂದು ಕೇಳಿದವರು ಇಲ್ಲ. ಮಗಳ ವಿಷಯವನ್ನೆಲ್ಲ ಆ ಹುಡುಗಿಯ ಮುಂದೆ ಹೇಳಿಕೊಂಡು ಅತ್ತಳು.

"ಬುಧವಾರ ಸಂಘಕ್ಕೆ ಬನ್ನಿ. ನೀವು ಬರೋವರ್ಗೂ ನಾನಿಲ್ಲಿ ಕೂತಿರ್ತೀನಿ" ಎಂದಳು ಶಿಲ್ಪ.

ಬುಧವಾರ ಹೊಸ್ತಿಲು ದಾಟಿದ್ದೇ ತಡ, ಹಿಂದಿನಿಂದ "ಹೋಲ್ಡಾನ್!" ಮುನಿರತ್ನಮ್ಮ ತಿರುಗಿದಳು. ಶಿಲ್ಪ ಮಂಚದ ಪಕ್ಕದಿಂದ ಹೋಗಿ ಹೋಗಿ ಎಂದು ಕೈಬೀಸಿದಳು. ಅಂಗನವಾಡಿ ಇದ್ದದ್ದು ಬೀದಿಯ ಆ ಕೊನೆಗೆ. ಅಲ್ಲಿಯವರೆಗೂ ಆ ಕೂಗು ಬೆನ್ನಟ್ಟಿ ಬಂದಂತಾಯಿತು.

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಬಾರೇ, ಇವತ್ತಾದ್ರೂ ದಾರಿ ಸಿಕ್ತಲ್ಲ" ಎಂದಳು ಮುತ್ಯಾಲಮ್ಮ. ಪಕ್ಕದ ಮನೆಯವಳು, ರೇಷ್ಮೆ ಹುಳ ಸಾಕುತ್ತಿದ್ದಳು. ಬಾಯಿ ಬಿಟ್ಟರೆ ಬೆಂಕಿ, ಎದೆ ಮಾತ್ರ ಬೆಣ್ಣೆ. ಮುನಿರತ್ನಮ್ಮ ಚಾಪೆಯ ಅಂಚಿಗೆ ಕೂತು, "ಅಕ್ಷತಂಗೆ ಏಳು ತಿಂಗ್ಳು..." ಎಂದು ಶುರು ಮಾಡಿ ಅಲ್ಲಿಗೇ ನಿಂತಳು. ಮುಂದಿನದನ್ನು ಹೇಳಬೇಕಾಗಿಯೂ ಇರಲಿಲ್ಲ. ಅಲ್ಲಿದ್ದವರೆಲ್ಲ ಹೆತ್ತವರೇ.

"ನಾನು ಬಂದು ಕೂತ್ಕೊಂತೀನಿ, ಅದಕ್ಕೇನಂತೆ" ಎಂದಳು ಮುತ್ಯಾಲಮ್ಮ.

"ಬೇಡ ಮುತ್ಯಾಲಕ್ಕ. ಸುಮ್ನೆ ಯಾರ ಹತ್ರಾನೂ ಮಾಡಿಸ್ಕೊಳ್ಳೋದು ನಂಗೆ ಆಗಲ್ಲ."

"ಯಾರೇ ನಿಂಗೆ ಸುಮ್ನೆ ಮಾಡೋಳು? ರಾಗಿ ಕೊಯ್ಲಿಗೆ ಮುಯ್ಯಾಳು ಬರಲ್ವಾ? ನನ್ ಹುಳ ಹಣ್ಣಾದಾಗ ಊರೋರೆಲ್ಲ ಮುಯ್ಯಾಳು ಬರಲ್ವಾ? ಹುಳಕ್ಕೆ ಬರೋ ಜನ ಮನುಷ್ಯಂಗೆ ಬರ್ಬಾರ್ದಾ?"

ಆ ಮಾತು ಕೆಲಸ ಮಾಡಿತು. ಇವತ್ತು ನಿನ್ನ ಹೊಲದಲ್ಲಿ ನಾನು, ನಾಳೆ ನನ್ನ ಹೊಲದಲ್ಲಿ ನೀನು. ಕೂಲಿಯ ಮಾತಿಲ್ಲ, ದಾನದ ಮಾತೂ ಇಲ್ಲ. ಮುಯ್ಯಾಳಿಗೆ ಒಪ್ಪಿದರೆ ಯಾರೂ ಸಣ್ಣವರಾಗುವುದಿಲ್ಲ. ಮುನಿರತ್ನಮ್ಮ ತಲೆಯಾಡಿಸಿದಳು.

"ಸ್ನಾನ ಮಾಡ್ಸೋಕೆ ಗಂಡಸೇ ಬೇಕು. ಅವನ ಡ್ರೈವರ್ ಎಲ್ಲಿ ಸತ್ತ?" ಎಂದು ಎದ್ದ ಮುತ್ಯಾಲಮ್ಮ ಆ ಸಂಜೆಯೇ ಚಿಕ್ಕವೆಂಕಟಪ್ಪನ ಮನೆಗೆ ಹೋಗಿ ಕೂತಳು. ಅದೇ ಬಸ್ಸನ್ನು ಅಷ್ಟೂ ವರ್ಷ ಓಡಿಸಿದವನು ಅವನು. ಒಂದೇ ತಟ್ಟೆಯಲ್ಲಿ ಉಂಡವರು. ಲಕ್ವ ಹೊಡೆದ ಮೇಲೆ ಆ ಬೀದಿಗೇ ಬಂದಿರಲಿಲ್ಲ. ಮುನಿರತ್ನಮ್ಮನಿಗೆ ಎಲ್ಲರಿಗಿಂತ ಹೆಚ್ಚಿನ ಕೋಪ ಇದ್ದದ್ದು ಅವನ ಮೇಲೆಯೇ.

ಮಾರನೇ ಬೆಳಿಗ್ಗೆ ಚಿಕ್ಕವೆಂಕಟಪ್ಪ ಶೇವಿಂಗ್ ಸೆಟ್ಟು ಹಿಡಿದು ಬಾಗಿಲಲ್ಲಿ ನಿಂತ. ಒಳಗೆ ಬರುವ ಧೈರ್ಯವಿಲ್ಲ. "ತಪ್ಪಾಯ್ತಮ್ಮ. ಹೆಂಗೆ ನೋಡೋದು ಇವನ್ನ ಅಂತ ಬರ್ಲಿಲ್ಲ" ಎಂದು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ. ಏನೇನೋ ಬಯ್ಯಬೇಕೆಂದಿದ್ದ ಮುನಿರತ್ನಮ್ಮ, "ಬಾ ಅಣ್ಣ, ಕಾಫಿ ಇಡ್ತೀನಿ" ಎಂದಳು.

ಅವನು ಆದಿನಾರಾಯಣಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿ, ಎದುರಿಗೆ ಸ್ಟೂಲು ಹಾಕಿಕೊಂಡು, ನೊರೆ ಹಚ್ಚಿ ಬ್ಲೇಡು ಎತ್ತಿದ. "ಹೋಲ್ಡಾನ್!" ಎಂದು ಗುಡುಗಿದ ಆದಿನಾರಾಯಣಪ್ಪ. ಚಿಕ್ಕವೆಂಕಟಪ್ಪನ ಬಲಗಾಲು ತನ್ನಷ್ಟಕ್ಕೆ ತಾನೇ ನೆಲವನ್ನು ಒತ್ತಿ ಹಿಡಿಯಿತು. ಬ್ರೇಕು! ಇಬ್ಬರೂ ಆ ಕಾಲನ್ನು ನೋಡಿದರು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದಿನಾರಾಯಣಪ್ಪ ನಕ್ಕ. ಅರ್ಧ ಮುಖವೇ ನಕ್ಕಿತು, ಉಳಿದರ್ಧದ ಮೇಲೆ ನೊರೆ ಹಾಗೇ ಇತ್ತು. ಅಡುಗೆ ಮನೆಯಲ್ಲಿ ಕಾಫಿ ಉಕ್ಕಿ ಹರಿಯುತ್ತಿದ್ದರೂ ಮುನಿರತ್ನಮ್ಮ ನಿಂತಲ್ಲೇ ನಿಂತು ಅದನ್ನು ನೋಡಿದಳು. ಆ ಮನೆಯಲ್ಲಿ ನಗು ಕೇಳಿ ಎಷ್ಟು ಕಾಲವಾಗಿತ್ತು!

ಹತ್ತು ಜನರಿಗೆ ಹುಲ್ಲುಕಡ್ಡಿ, ಒಬ್ಬರಿಗೆ ತಲೆಹೊರೆ ಅನ್ನುವುದು ಸುಳ್ಳಲ್ಲ. ಚಿಕ್ಕವೆಂಕಟಪ್ಪ ದಿನ ಬಿಟ್ಟು ದಿನ ಬಂದು ಸ್ನಾನ ಮಾಡಿಸತೊಡಗಿದ. ಮುತ್ಯಾಲಮ್ಮ ಮಧ್ಯಾಹ್ನ ಸೊಪ್ಪು ಕತ್ತರಿಸಿ ಹುಳಕ್ಕೆ ಹಾಕಿ ಬಂದು ಮಂಚದ ಪಕ್ಕ ಕೂರುತ್ತಿದ್ದಳು, ಊರ ಸುದ್ದಿಯನ್ನೆಲ್ಲ ಅವನ ಕಿವಿಗೆ ತುಂಬುತ್ತಿದ್ದಳು. ಸರ್ಕಾರಿ ಆಸ್ಪತ್ರೆಗೆ ಕೈಕಾಲು ಆಡಿಸುವುದನ್ನು ಕಲಿಸುವವರು ಬರುವ ದಿನ ಗೊತ್ತುಮಾಡಿಕೊಂಡು ಶಿಲ್ಪ ಇವರನ್ನು ಆಟೋದಲ್ಲಿ ಕರೆದುಕೊಂಡು ಹೋದಳು. ಅವರು ಎಡಗೈಗೆ ಕೆಲಸ ಕೊಡಿ, ಸುಮ್ಮನೆ ಬಿಡಬೇಡಿ ಎಂದು ಹೇಳಿ ಕಳಿಸಿದರು.

ಇಷ್ಟಾದ ಮೇಲೆ ಮುನಿರತ್ನಮ್ಮ ಒಂದು ಗಳಿಗೆ ಕಾಲು ಚಾಚಿ ಕೂರಬೇಕಿತ್ತು ತಾನೇ? ಎಲ್ಲಿ ಬಂತು! ಮುಯ್ಯಿ ಅಂದಮೇಲೆ ತೀರಿಸಬೇಕಲ್ಲ. ಮುತ್ಯಾಲಮ್ಮ ಮಧ್ಯಾಹ್ನ ಬಂದು ಕೂತರೆ ಇವಳು ಸಂಜೆಯೇ ಅವಳ ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು ಹೊರೆ ಹೊತ್ತು ಬರುವಳು. ಚಿಕ್ಕವೆಂಕಟಪ್ಪ ಸ್ನಾನ ಮಾಡಿಸಿ ಹೋದ ಅಂದರೆ ಅವನ ಮನೆಯ ಅವರೆಕಾಯಿಯನ್ನೆಲ್ಲ ಸುಲಿದು ಕೊಡುವಳು. ಯಾರ ಮುಯ್ಯಿಯೂ ಮನೆಯಲ್ಲಿ ರಾತ್ರಿ ಕಳೆಯಬಾರದು ಅನ್ನುವ ಹಾಗೆ. ಮೊದಲು ಒಬ್ಬ ಗಂಡನ ಕೆಲಸ ಇತ್ತು, ಈಗ ಮೂರು ಮನೆಯ ಕೆಲಸ ಸೇರಿತು. ಸೊಂಟ ಇನ್ನಷ್ಟು ಬಾಗಿತು. "ಏನೇ ಇದು, ನನ್ ಸೊಪ್ಪು ಯಾಕ್ ಕೊಯ್ದೆ?" ಎಂದು ಮುತ್ಯಾಲಮ್ಮ ಕೇಳಿದರೆ, "ಇರ್ಲಿ ಬಿಡಕ್ಕ" ಎಂದು ಓಡುವಳು.

ಒಂದು ಸಂಜೆ ಗಂಡನಿಗೆ ಕಣ್ಣು ಹತ್ತಿದ್ದನ್ನು ನೋಡಿ, ಬಾಗಿಲು ಎಳೆದುಕೊಂಡು ಸೊಪ್ಪಿಗೆ ಹೋದಳು. ಹೊರೆ ಕಟ್ಟುವಾಗ ಹೊತ್ತಾಯಿತು. ಬೀದಿಗೆ ಬರುವಷ್ಟರಲ್ಲಿ ಮನೆಯ ಮುಂದೆ ಜನ ಕಂಡಿತು. ಹೊರೆ ಅಲ್ಲೇ ಎಸೆದು ಓಡಿದಳು. ಆದಿನಾರಾಯಣಪ್ಪ ಮಂಚದಿಂದ ಜಾರಿ ನೆಲದ ಮೇಲೆ ಬಿದ್ದಿದ್ದ, ಹಣೆಯಲ್ಲಿ ರಕ್ತ. ಕೂಗಿ ಕೂಗಿ ಗಂಟಲು ಒಡೆದಿತ್ತು. ಮುತ್ಯಾಲಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುನಿರತ್ನಮ್ಮನನ್ನು ಕಂಡು ಅವನು ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡ, ಬಿಡಲಿಲ್ಲ.

ಗಾಯ ದೊಡ್ಡದಾಗಿರಲಿಲ್ಲ. ಶಿಲ್ಪ ಬಂದು ಪಟ್ಟಿ ಕಟ್ಟಿದಳು. ಎಲ್ಲರೂ ಹೋದ ಮೇಲೆ ಮುತ್ಯಾಲಮ್ಮ ಮುನಿರತ್ನಮ್ಮನನ್ನು ಹಿತ್ತಲಿಗೆ ಎಳೆದುಕೊಂಡು ಹೋದಳು.

"ನನ್ ಮುಯ್ಯಿ ತೀರ್ಸೋಕೆ ಹೋಗಿ ಗಂಡನ್ನ ಕೆಳಕ್ಕೆ ಹಾಕ್ದಲ್ಲೇ! ನಿಂಗೆ ಬುದ್ಧಿ ಐತಾ? ಮಾಡಿದ್ ದಿನವೇ ಮುಯ್ಯಿ ತೀರ್ಸೋರು ಯಾರು ಹೇಳು? ಮಾತು ಬಿಟ್ಟೋರು. ಇನ್ ನಿನ್ ಮನೆ ಮೆಟ್ಲು ಹತ್ತಲ್ಲ ಅನ್ನೋರು. ನಮ್ಮತ್ತೆ ಕಾಲದ ಮುಯ್ಯಿ ಇನ್ನೂ ಈ ಊರಲ್ಲಿ ನನ್ ಮೇಲವೆ. ಅದಕ್ಕೇ ಕಣೇ ಇವತ್ಗೂ ಜನ ನನ್ನ ಹೆಸ್ರಿಡಿದು ಕರೀತಾರೆ!"

"ಋಣ ಇಟ್ಕೊಂಡ್ರೆ ನಿದ್ದೆ ಬರಲ್ಲ ಅಕ್ಕ" ಎಂದು ಅತ್ತಳು ಮುನಿರತ್ನಮ್ಮ. "ನಾಳೆ ಇವಳು ತೀರ್ಸಲ್ಲ ಅಂತ ನೀವ್ಯಾರೂ ಬರ್ದೇ ಹೋದ್ರೆ? ನನ್ ಮಗಳು ಬರೋ ಹೊತ್ಗೆ ನಾನು ಒಬ್ಳೇ ಆಗೋದ್ರೆ?"

ಅಷ್ಟು ದಿನ ಅವಳ ಹೊಟ್ಟೆಯೊಳಗಿದ್ದ ಹೆದರಿಕೆ ಅದು. ಮುತ್ಯಾಲಮ್ಮನ ಬೆಂಕಿ ಆರಿತು. ಸೆರಗಿನಿಂದ ಇವಳ ಮೂಗು ಒರೆಸಿ, "ಹುಚ್ಚಿ" ಎಂದಳು. "ನನ್ ಮುಯ್ಯಿ ನಿನ್ ಮೇಲಿರ್ಲಿ. ನಾನು ಕೇಳ್ದಾಗ ತೀರ್ಸು. ಅಲ್ಲಿವರ್ಗೂ ನನ್ ತೋಟದ ಕಡೆ ತಲೆ ಹಾಕಿದ್ರೆ ಕಾಲು ಮುರೀತೀನಿ."

ಋಣ ಇಟ್ಟುಕೊಂಡು ಮಲಗುವುದನ್ನು ಮುನಿರತ್ನಮ್ಮ ಕಲಿತಳು. ಸುಲಭವಾಗಲಿಲ್ಲ. ಮೊದಮೊದಲು ಮುತ್ಯಾಲಮ್ಮ ಬಂದು ಕೂತಾಗ ಸುಮ್ಮನಿರಲಾರದೆ ನಾಲ್ಕು ಸಲ ಕಾಫಿ ಮಾಡುತ್ತಿದ್ದಳು. ಆಮೇಲಾಮೇಲೆ ಒಳಕೋಣೆಗೆ ಹೋಗಿ ಬಾಗಿಲು ಓರೆ ಮಾಡಿ, ಸೊಂಟಕ್ಕೆ ಎಣ್ಣೆ ತಿಕ್ಕಿಕೊಂಡು, ನಿದ್ದೆ ಮಾಡಿದಳು.

ಅಕ್ಷತ ಎಂಟನೇ ತಿಂಗಳಿಗೆ ಬಂದಳು. ಬೀಗಿತ್ತಿಯೇ ಕರೆತಂದು ಬಿಟ್ಟು, ಮನೆಯ ತುಂಬ ಓಡಾಡುತ್ತಿದ್ದ ಜನರನ್ನು ನೋಡಿ, "ನಾನ್ ಸುಮ್ನೆ ಯೋಚ್ನೆ ಮಾಡ್ದೆ ನೋಡಿ" ಎಂದು ನಕ್ಕಳು. ಹೆರಿಗೆ ಹೊಸಕೋಟೆಯ ಆಸ್ಪತ್ರೆಯಲ್ಲಾಯಿತು, ಹೆಣ್ಣು ಮಗು. ಮುನಿರತ್ನಮ್ಮ ಮಗಳ ಪಕ್ಕದಲ್ಲೇ ಇದ್ದಳು. ಆ ದಿನಗಳೆಲ್ಲ ಚಿಕ್ಕವೆಂಕಟಪ್ಪ ಹಾಸಿಗೆ ತಂದು ಕಂಡಕ್ಟರ್ ಮನೆಯಲ್ಲೇ ಮಲಗಿದ. ಗೆಳೆಯನ ಕೂಗಿಗೆ ರಾತ್ರಿ ನಾಲ್ಕಾರು ಸಲ ಎದ್ದು, "ಆಯ್ತು ಕಣೋ ಆದಿ, ಬ್ರೇಕ್ ಹಾಕ್ದೆ" ಅನ್ನುತ್ತಿದ್ದನಂತೆ.

ಮಗು ಮನೆಗೆ ಬಂದಿತು. ಹಳೇ ಸೀರೆಯ ಜೋಲಿಯನ್ನು ನಡುಮನೆಯ ತೊಲೆಗೆ ಕಟ್ಟಿ, ತೂಗಲು ಒಂದು ಹಗ್ಗ ಇಳಿಬಿಟ್ಟರು. ಎಣ್ಣೆ, ಬಿಸಿನೀರು, ಸಾಂಬ್ರಾಣಿ, ಮೆಣಸಿನ ಸಾರು, ಬಾಣಂತಿಗೆ ಏನೇನಾಗಬೇಕೋ ಅದೆಲ್ಲ ಹೆತ್ತ ತಾಯಿಯ ಕೈಯಿಂದಲೇ ನಡೆಯಿತು. ಮೊಮ್ಮಗಳು ಅತ್ತಾಗಲೆಲ್ಲ ಮಂಚದ ಮೇಲಿದ್ದ ತಾತ ಕತ್ತು ಎತ್ತಿ ನೋಡುತ್ತಿದ್ದ.

ಮಗುವಿಗೆ ತಿಂಗಳು ತುಂಬಿದ ಮೇಲೆ ಒಂದು ಬೆಳಿಗ್ಗೆ ಬೀದಿಯಲ್ಲಿ ಹೆಂಗಸರು ಬಿರಬಿರನೆ ನಡೆಯುವುದು ಕಂಡಿತು. "ಎಲ್ಲಿಗ್ರೇ?" ಎಂದಳು ಮುನಿರತ್ನಮ್ಮ. "ಮುತ್ಯಾಲಕ್ಕನ ಹುಳ ಹಣ್ಣಾಗೋಗವೆ!" ಎಂದು ಹೋದರು. ಹುಳ ಹಣ್ಣಾಗುವುದೆಂದರೆ ಹಂಗಾಮಿನ ಕೊನೆಯ ದಿನ. ಮೇವು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿದ ಹುಳಗಳನ್ನು ಒಂದೊಂದಾಗಿ ಆರಿಸಿ ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ಕೈ ಸಾಲದೆ ತಡವಾದರೆ ತಟ್ಟೆಯ ಸೊಪ್ಪಿನಲ್ಲೇ ನೂಲು ಬಿಟ್ಟು ತಿಂಗಳ ದುಡಿಮೆ ಹಾಳು. ಆದರೂ ಬಾಣಂತಿ ಮನೆ ಎಂದು ಮುತ್ಯಾಲಮ್ಮ ಇವಳಿಗೆ ಹೇಳಿಕಳಿಸಿರಲಿಲ್ಲ.

ಮುನಿರತ್ನಮ್ಮನಿಗೆ ಜೀವ ತಡೆಯಲಿಲ್ಲ. ಅಕ್ಷತ ನೀರು ಹಾಕಿಸಿಕೊಂಡು, ತಲೆಗೆ ಬಟ್ಟೆ ಕಟ್ಟಿಕೊಂಡು ಆಗತಾನೇ ನಿದ್ದೆ ಹೋಗಿದ್ದಳು. ಚಿಕ್ಕವೆಂಕಟಪ್ಪ ವಿಜಯಪುರಕ್ಕೆ ಹೋಗಿದ್ದ. ಮಗು ಜೋಲಿಯಲ್ಲಿ ಕುಂಯ್‌ಗುಟ್ಟತೊಡಗಿತ್ತು. ಒಂದು ಕೈಯಲ್ಲಿ ಹಗ್ಗ ಎಳೆಯುತ್ತಾ, ಕಿಟಕಿಯ ಕಡೆಗೇ ನೋಡುತ್ತಾ ನಿಂತಳು. ಹೋಗುವುದು ಹೇಗೆ? ಹೋಗದೆ ಇರುವುದಾದರೂ ಹೇಗೆ?

ಮಂಚ ಕಿರುಗುಟ್ಟಿತು. ಆದಿನಾರಾಯಣಪ್ಪ ಎಡ ಮೊಣಕೈ ಊರಿ ಏಳಲು ನೋಡುತ್ತಿದ್ದ. ಅವಳು ಹಗ್ಗ ಹಿಡಿದುಕೊಂಡೇ ಹೋಗಿ ಗೋಡೆಗೆ ಒರಗಿಸಿ ಕೂರಿಸಿ, ಜಾರದ ಹಾಗೆ ಬಲಗಡೆ ದಿಂಬು ಒತ್ತಿದಳು. ಅವನು ಎಡಗೈ ಚಾಚಿ ಅವಳ ಕೈಯೊಳಗಿದ್ದ ಹಗ್ಗವನ್ನು ಹಿಡಿದ. ಕೊಡು ಎಂದು ಎಳೆದ. ಅವಳು ಬಿಟ್ಟಳು. ಜೋಲಿ ಒಂದು ಸಲ ಸೊಟ್ಟಗೆ ತೂಗಿತು, ಆಮೇಲೆ ಸರಿಯಾಯಿತು. ಮಗು ಸುಮ್ಮನಾಯಿತು.

ಮುನಿರತ್ನಮ್ಮ ಬಾಗಿಲವರೆಗೆ ನಡೆದಳು. ಹೊಸ್ತಿಲ ಮೇಲೆ ಕಾಲಿಟ್ಟು ನಿಂತಳು. ಬೆನ್ನ ಹಿಂದೆ ಆ ಕೂಗು ಈಗ ಬರುತ್ತದೆ ಎಂದು ಕಾದಳು. ಬರಲಿಲ್ಲ. ತಿರುಗಿ ನೋಡಿದರೆ ಅವನು ಹಗ್ಗ ಎಳೆಯುತ್ತಾ, ಗದ್ದ ಎತ್ತಿ ಬೀದಿಯ ಕಡೆ ತೋರಿಸಿದ.

"ರೈಟ್" ಎಂದ. "ರೈಟ್, ರೈಟ್."

ಅವಳು ಕಣ್ಣೊರೆಸಿಕೊಂಡು ಓಡಿದಳು.

ಹುಳದ ಮನೆಯಲ್ಲಿ ಮುತ್ಯಾಲಮ್ಮ ತಲೆಗೆ ಟವೆಲ್ಲು ಕಟ್ಟಿಕೊಂಡು ಎಲ್ಲರ ಮೇಲೂ ರೇಗುತ್ತಿದ್ದಳು. ಇವಳನ್ನು ಕಂಡವಳೇ, "ನಿನ್ನ ಯಾರೇ ಕರೆದೋರು? ಬಾಣಂತಿ ಮಲಗವ್ಳೆ, ಮಗೀನ ಯಾರ್ ಹತ್ರ ಬಿಟ್ ಬಂದೆ?" ಎಂದು ಕೂಗಿದಳು.

"ಕಂಡಕ್ಟ್ರು ಅವ್ರೆ" ಎಂದಳು ಮುನಿರತ್ನಮ್ಮ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಂದ್ರಿಕೆಯ ಮುಂದೆ ಕೂತು ಹುಳ ಆರಿಸತೊಡಗಿದಳು.